ತೊಡೆಸಂದಿನ ಹರ್ನಿಯಾ ಮತ್ತೆ ಬಂದಿದೆ, ಈ ಸಲ ಕೀಹೋಲ್ ಮಾಡಿಸಬೇಕಾ?

ಹಳೇ_ಸೈಕಲ್:
ಎಲ್ಲರಿಗೂ ನಮಸ್ಕಾರ. ಬಲಗಡೆ ತೊಡೆಸಂದಿನ ಹರ್ನಿಯಾಗೆ ಕೆಲವು ವರ್ಷಗಳ ಹಿಂದೆ ಆಪರೇಷನ್ ಆಗಿತ್ತು. ಕೊಯ್ದು, ಮೆಶ್ (ಗೋಡೆಗೆ ಬಲ ಕೊಡುವ ಬಲೆಯಂಥ ಹಾಳೆ) ಇಟ್ಟು, ಹೊಲಿಗೆ ಹಾಕಿದ್ದರು. ಆಮೇಲೆ ಆರಾಮಾಗೇ ಇದ್ದೆ. ಈಗ ಮತ್ತೆ ಉಬ್ಬು ಬಂದಿದೆ. ಹಳೇ ಗಾಯದ ಗೆರೆ ಇದೆಯಲ್ಲ, ಅದರ ಒಳತುದಿಯ ಹತ್ತಿರ, ಶಿಶ್ನದ ಬುಡದ ಮೇಲಿರುವ ನಡುವಿನ ಮೂಳೆಯ ಪಕ್ಕದಲ್ಲೇ. ಬೆಳಿಗ್ಗೆ ಏನೂ ಕಾಣಿಸುವುದಿಲ್ಲ. ದಿನವಿಡೀ ನಿಂತು ಕೆಲಸ ಮಾಡಿದರೆ ಸಂಜೆಗೆ ಎದ್ದು ಕಾಣುತ್ತದೆ. ಬೆರಳಿಟ್ಟು ಕೆಮ್ಮಿದರೆ ತಟ್ಟುತ್ತದೆ. ಮಲಗಿದರೆ ತಾನಾಗೇ ಒಳಗೆ ಹೋಗುತ್ತದೆ.

ಇಬ್ಬರು ಸರ್ಜನ್‌ಗಳಿಗೆ ತೋರಿಸಿದೆ. ಒಬ್ಬರು ಹಳೇ ಜಾಗವನ್ನೇ ಬಿಚ್ಚಿ ಸರಿ ಮಾಡೋಣ ಅಂದರು. ಇನ್ನೊಬ್ಬರು ಕೀಹೋಲ್, ಅಂದರೆ ಸಣ್ಣ ರಂಧ್ರಗಳಿಂದ ಕ್ಯಾಮೆರಾ ಹಾಕಿ ಮಾಡೋಣ, ಹಳೇ ಜಾಗ ಮುಟ್ಟುವುದೇ ಬೇಡ ಅಂದರು. ಇಬ್ಬರೂ ಒಳ್ಳೆಯವರೇ, ಇಬ್ಬರೂ ಖಚಿತವಾಗೇ ಹೇಳುತ್ತಾರೆ. ಎರಡನೇ ಸಲ ಆಪರೇಷನ್ ಆದವರು ಇಲ್ಲಿದ್ದರೆ ದಯವಿಟ್ಟು ಹೇಳಿ. ಏನು ನೋಡಿ ತೀರ್ಮಾನ ಮಾಡಿದಿರಿ?

ಸಂಜೆಗಾಳಿ:
ನಂದೂ ಇದೇ ಕಥೆ. ಮೊದಲನೆಯದು ತೆರೆದ ಆಪರೇಷನ್, ಎರಡನೆಯದು ಕೀಹೋಲ್. ಮೊದಲ ಸಲ ಹಾಸಿಗೆಯಿಂದ ಏಳುವಾಗ ಪಕ್ಕದ ಕಂಬಿ ಹಿಡಿದುಕೊಂಡೇ ಏಳಬೇಕಿತ್ತು. ಎರಡನೇ ಸಲ ಅದೇ ದಿನ ಸಂಜೆ ನಡೆದಾಡಿದೆ. ಹೊಕ್ಕುಳ ಹತ್ತಿರ ಒಂದು, ಕೆಳಗೆ ಎರಡು ಸಣ್ಣ ಗಾಯ ಅಷ್ಟೇ. ನನ್ನ ಓಟು ಕೀಹೋಲ್‌ಗೆ.

ಹಸಿರುಗೌನ್:
ನಾನು ಜನರಲ್ ಸರ್ಜನ್. ಹರ್ನಿಯಾ ನನ್ನ ದಿನದ ಕೆಲಸ. ಪರೀಕ್ಷೆ ಮಾಡದೆ ನಿಮಗೆ ಇದನ್ನೇ ಮಾಡಿಸಿ ಅಂತ ಹೇಳಲು ಆಗುವುದಿಲ್ಲ. ಆದರೆ ಹೇಗೆ ಯೋಚಿಸಬೇಕು ಅನ್ನೋದನ್ನು ಹೇಳಬಹುದು.

ಗಾಯ ಸಣ್ಣದಾ ದೊಡ್ಡದಾ, ಎಷ್ಟು ದಿನ ರಜೆ ಅನ್ನೋದೆಲ್ಲ ಆಮೇಲಿನ ಮಾತು. ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಹೋದ ಸಲ ಯಾವ ಕಡೆಯಿಂದ ಒಳಗೆ ಹೋಗಿದ್ದರು? ಮುಂದಿನಿಂದಾ, ಹಿಂದಿನಿಂದಾ?

ತೊಡೆಸಂದಿನಲ್ಲಿ ಹೊಟ್ಟೆಯ ಗೋಡೆ ಪದರ ಪದರವಾಗಿರುತ್ತದೆ. ಹೊರಗೆ ಚರ್ಮ, ಕೊಬ್ಬು. ಅದರ ಕೆಳಗೆ ಸ್ನಾಯುವಿನ ಪದರಗಳು. ಅದರ ಹಿಂದೆ ಹೊಟ್ಟೆಯ ಒಳಪೊರೆ, ಅದಕ್ಕೆ ಪೆರಿಟೋನಿಯಂ ಅನ್ನುತ್ತೇವೆ. ತೆರೆದ ಆಪರೇಷನ್‌ನಲ್ಲಿ, ಅಂದರೆ 1980ರ ದಶಕದಲ್ಲಿ ಲಿಕ್ಟೆನ್‌ಸ್ಟೈನ್ ಜನಪ್ರಿಯಗೊಳಿಸಿದ ವಿಧಾನದಲ್ಲಿ, ಮುಂದಿನಿಂದ ಕೊಯ್ದು ಸ್ನಾಯುವಿನ ಮೇಲ್ಗಡೆ ಮೆಶ್ ಹಾಸುತ್ತಾರೆ. ಕೀಹೋಲ್‌ನಲ್ಲಿ ಸ್ನಾಯುವಿನ ಹಿಂದೆ, ಒಳಪೊರೆಯ ಮುಂದೆ, ಆ ನಡುವಿನ ಜಾಗದಲ್ಲಿ ಮೆಶ್ ಇಡುತ್ತಾರೆ. ಹೋಗುವ ದಾರಿಯೂ ಬೇರೆ, ಮೆಶ್ ಕೂರುವ ಪದರವೂ ಬೇರೆ.

ಒಂದು ಸಲ ಮುಂದಿನಿಂದ ಹೋಗಿ ಮೆಶ್ ಹಾಕಿದ ಮೇಲೆ ಅಲ್ಲಿ ಎಲ್ಲವೂ ಒಂದಕ್ಕೊಂದು ಅಂಟಿ ಗಟ್ಟಿಯಾಗಿರುತ್ತದೆ. ವೀರ್ಯನಾಳ, ವೃಷಣಕ್ಕೆ ಹೋಗುವ ತೆಳ್ಳಗಿನ ರಕ್ತನಾಳ, ಮೂರು ಸಣ್ಣ ನರ, ಎಲ್ಲ ಆ ಗಟ್ಟಿ ಭಾಗದಲ್ಲೇ ಸಿಕ್ಕಿಕೊಂಡಿರುತ್ತವೆ. ಮತ್ತೆ ಅಲ್ಲೇ ಬಿಚ್ಚಿದರೆ ಯಾವುದು ನರ, ಯಾವುದು ಬರೀ ಗಾಯದ ಎಳೆ ಅಂತ ಬೇರೆ ಮಾಡುವುದು ಕಷ್ಟ. ರಕ್ತನಾಳಕ್ಕೆ ಪೆಟ್ಟು ಬಿದ್ದರೆ ವೃಷಣ ಸಣ್ಣಗಾಗುವ ಅಪಾಯ ಇದೆ. ನರಕ್ಕೆ ಬಿದ್ದರೆ ವರ್ಷಗಟ್ಟಲೆ ನೋವು. ಹಿಂದಿನ ಪದರ ಮಾತ್ರ ಯಾರೂ ಮುಟ್ಟದ ಹಾಗೇ ಇರುತ್ತದೆ. ಅದಕ್ಕೇ ಕೀಹೋಲ್ ಸಲಹೆ. 2018ರಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ: ಮುಂದಿನಿಂದ ಮಾಡಿದ್ದು ಸೋತಿದ್ದರೆ ಹಿಂದಿನಿಂದ ಹೋಗಿ, ಹಿಂದಿನಿಂದ ಮಾಡಿದ್ದು ಸೋತಿದ್ದರೆ ಮುಂದಿನಿಂದ ಹೋಗಿ. ಎರಡೂ ಸೋತಿದ್ದರೆ ಹರ್ನಿಯಾದಲ್ಲೇ ಪಳಗಿದವರ ಹತ್ತಿರ ಹೋಗಿ.

ಹಳೇ_ಸೈಕಲ್ ಅವರೇ, ನೀವು ಬರೆದಿರುವ ಜಾಗ ನೋಡಿದರೆ ನಡುವಿನ ಮೂಳೆಯ ಹತ್ತಿರ ಮೆಶ್ ಸಾಕಷ್ಟು ದಾಟಿ ಕೂತಿಲ್ಲ ಅನ್ನಿಸುತ್ತದೆ. ಮುಂದಿನಿಂದ ಮೆಶ್ ಹಾಕಿಸಿಕೊಂಡವರಲ್ಲಿ ಹರ್ನಿಯಾ ಮರಳುವ ಮಾಮೂಲಿ ಜಾಗ ಅದು. ಪರೀಕ್ಷೆಯಲ್ಲಿ ಬೇರೆಯೇ ಕಾಣಬಹುದು, ಇದು ಅಂದಾಜು ಮಾತ್ರ.

ಹಳೇ_ಸೈಕಲ್:
ತುಂಬಾ ಧನ್ಯವಾದ ಡಾಕ್ಟ್ರೇ. ಒಂದು ಅನುಮಾನ. ಒಳಗೆ ಹಳೇ ಮೆಶ್ ಇದ್ದೇ ಇದೆ. ಅದನ್ನು ತೆಗೆಯದೆ ಇನ್ನೊಂದು ಹಾಕಿದರೆ ಎರಡು ಆಗುವುದಿಲ್ವಾ?

ಹಸಿರುಗೌನ್:
ಆಗುತ್ತದೆ, ಆದರೆ ತೊಂದರೆ ಇಲ್ಲ. ಒಂದು ಸ್ನಾಯುವಿನ ಮುಂದೆ, ಇನ್ನೊಂದು ಹಿಂದೆ. ಸೋಂಕು ಇಲ್ಲದಿದ್ದರೆ, ಅದರಿಂದ ನೋವೂ ಇಲ್ಲದಿದ್ದರೆ ಹಳೇ ಮೆಶ್ ತೆಗೆಯುವುದಿಲ್ಲ. ತೆಗೆಯಲು ಹೋದರೆ ಅದಕ್ಕೆ ಅಂಟಿದ ಒಳ್ಳೆಯ ಅಂಗಾಂಶವೂ ಹರಿದು ಬರುತ್ತದೆ. ಕೆಲವರಿಗೆ ಮೊದಲ ಸಲ ಪ್ಲಗ್ ಅಂತ ಮೆಶ್‌ನ ಉಂಡೆಯೊಂದನ್ನು ರಂಧ್ರಕ್ಕೆ ತುರುಕಿರುತ್ತಾರೆ. ಅದು ಹಿಂದಿನ ಪದರಕ್ಕೆ ಚಾಚಿಕೊಂಡಿರಬಹುದು. ಆಗ ಕೀಹೋಲ್‌ನಲ್ಲಿ ಅದರ ಚಾಚಿದ ಭಾಗವನ್ನಷ್ಟೇ ಕತ್ತರಿಸಿ ಸಮ ಮಾಡಬೇಕಾಗುತ್ತದೆ. ಇದು ಮೊದಲೇ ಗೊತ್ತಿದ್ದರೆ ಸರ್ಜನ್‌ಗೆ ಎಷ್ಟೋ ಅನುಕೂಲ.

ಹಿಂದಿನಿಂದ ಹಾಕುವುದರಲ್ಲಿ ಇನ್ನೊಂದು ಲಾಭವಿದೆ. ನೀರಿನ ತೊಟ್ಟಿಯ ಸೋರಿಕೆಗೆ ಒಳಗಡೆಯಿಂದ ತೇಪೆ ಹಚ್ಚಿದರೆ ನೀರಿನ ಒತ್ತಡವೇ ಅದನ್ನು ಗೋಡೆಗೆ ಒತ್ತಿ ಹಿಡಿಯುತ್ತದಲ್ಲ, ಇಲ್ಲೂ ಹೊಟ್ಟೆಯ ಒತ್ತಡ ಮೆಶ್ ಅನ್ನು ಸ್ನಾಯುವಿಗೆ ಒತ್ತುತ್ತದೆ. ಆದರೆ ಮೆಶ್ ದೊಡ್ಡದಿರಬೇಕು. ಕನಿಷ್ಠ 10 ಸೆಂಟಿಮೀಟರ್ ಅಗಲ, 15 ಸೆಂಟಿಮೀಟರ್ ಉದ್ದ. ತೊಡೆಸಂದಿನಲ್ಲಿ ಹರ್ನಿಯಾ ಬರಬಹುದಾದ ಎಲ್ಲ ಜಾಗಗಳನ್ನೂ ಆ ಒಂದೇ ಹಾಳೆ ಮುಚ್ಚಬೇಕು. ಸಣ್ಣ ಮೆಶ್ ಹಾಕಿದರೆ, ಅಥವಾ ಹಾಸಿದ ಹಾಳೆಯ ಕೆಳ ಅಂಚು ಮಡಚಿಕೊಂಡರೆ ಹರ್ನಿಯಾ ಮತ್ತೆ ಬರುತ್ತದೆ.

ನೇರಮಾತು:
ಕ್ಷಮಿಸಿ, ನನಗೆ ಒಪ್ಪಿಗೆ ಇಲ್ಲ. ಕೀಹೋಲ್ ಅಂದ ತಕ್ಷಣ ಎಲ್ಲರೂ ಅದರ ಹಿಂದೆ ಹೋಗುತ್ತಾರೆ. ಕೀಹೋಲ್ ಮಾಡಿಸಿಕೊಂಡವರಲ್ಲೇ ಹರ್ನಿಯಾ ಜಾಸ್ತಿ ಮರಳುತ್ತದೆ ಅಂತ ದೊಡ್ಡ ಅಧ್ಯಯನವೇ ಬಂದಿತ್ತು. ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ ಯಾಕೆ?

ಹಸಿರುಗೌನ್:
ಮಾತಾಡಲೇಬೇಕು. ನೀವು ಹೇಳುತ್ತಿರುವುದು 2004ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಮೆರಿಕದ ಅಧ್ಯಯನ ಅಂದುಕೊಳ್ಳುತ್ತೇನೆ. ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ಮಾಡಿದ್ದು. ಎರಡು ವರ್ಷ ನೋಡಿದರು. ಒಟ್ಟಾರೆ ಕೀಹೋಲ್ ಗುಂಪಿನಲ್ಲಿ ಶೇ. 10.1 ಜನಕ್ಕೆ ಹರ್ನಿಯಾ ಮರಳಿತು, ತೆರೆದ ಆಪರೇಷನ್ ಗುಂಪಿನಲ್ಲಿ ಶೇ. 4.9 ಜನಕ್ಕೆ. ನಿಮ್ಮ ಮಾತು ಸರಿ.

ಆದರೆ ಅದೇ ಅಧ್ಯಯನದ ಒಳಗೆ ಇನ್ನೊಂದು ಲೆಕ್ಕ ಇದೆ. ಮೊದಲ ಸಲದ ಹರ್ನಿಯಾದವರನ್ನು ಮಾತ್ರ ತೆಗೆದುಕೊಂಡರೆ ಕೀಹೋಲ್‌ನಲ್ಲಿ ಶೇ. 10.1, ತೆರೆದದ್ದರಲ್ಲಿ ಶೇ. 4. ಮರಳಿ ಬಂದ ಹರ್ನಿಯಾದವರನ್ನು ಮಾತ್ರ ನೋಡಿದರೆ ಕೀಹೋಲ್‌ನಲ್ಲಿ ಶೇ. 10, ತೆರೆದದ್ದರಲ್ಲಿ ಶೇ. 14.1. ಈ ಎರಡನೇ ವ್ಯತ್ಯಾಸ ಅಂಕಿಅಂಶದ ಲೆಕ್ಕದಲ್ಲಿ ಗಟ್ಟಿಯಾಗಿ ನಿಲ್ಲುವಷ್ಟು ದೊಡ್ಡದಲ್ಲ. ಆದ್ದರಿಂದ ಕೀಹೋಲ್ ಗೆದ್ದಿತು ಅಂತ ನಾನು ಹೇಳುವುದಿಲ್ಲ. ಆದರೆ ಮೊದಲ ಸಲದವರಲ್ಲಿ ಕಂಡ ಆ ದೊಡ್ಡ ಹಿನ್ನಡೆ ಮರಳಿದವರಲ್ಲಿ ಕಾಣಲಿಲ್ಲ. ಈ ಚರ್ಚೆ ಅವರದ್ದೇ ಅಲ್ವಾ?

ನನಗೆ ಅದರಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಸರ್ಜನ್‌ಗಳ ಅನುಭವದ ಲೆಕ್ಕ. 250ಕ್ಕಿಂತ ಜಾಸ್ತಿ ಕೀಹೋಲ್ ಹರ್ನಿಯಾ ಮಾಡಿದ್ದವರ ಕೈಯಲ್ಲಿ ಮರಳುವಿಕೆ ಬಹಳ ಕಡಿಮೆ ಇತ್ತು. ಈ ಕೈಚಳಕ ಬರಲು ಸಮಯ ಬೇಕು. 2018ರ ಮಾರ್ಗಸೂಚಿಯಲ್ಲಿ ಕಲಿಕೆಗೇ 50ರಿಂದ 100 ಆಪರೇಷನ್ ಬೇಕು ಅಂತ ಬರೆದಿದ್ದಾರೆ. ಕಲಿಯುತ್ತಿರುವವರು ಮರಳಿ ಬಂದ ಹರ್ನಿಯಾದಿಂದ ಶುರು ಮಾಡಬಾರದು. ಇದನ್ನು ನಾನು ಜೋರಾಗಿಯೇ ಹೇಳುತ್ತೇನೆ.

ನೇರಮಾತು:
ಬಿಡಿಸಿ ಹೇಳಿದ್ದಕ್ಕೆ ಧನ್ಯವಾದ. ಒಳಗಿನ ಲೆಕ್ಕ ನಾನು ನೋಡಿರಲಿಲ್ಲ. ಹಾಗಾದರೆ ಸರ್ಜನ್‌ರನ್ನು ನೇರವಾಗಿ ಕೇಳಬಹುದಾ, ನೀವು ಎಷ್ಟು ಮಾಡಿದ್ದೀರಿ ಅಂತ? ಬೇಜಾರು ಮಾಡಿಕೊಳ್ಳುವುದಿಲ್ವಾ?

ಹಸಿರುಗೌನ್:
ಕೇಳಿ. "ಮರಳಿ ಬಂದ ಹರ್ನಿಯಾಗೆ ಕೀಹೋಲ್ ಎಷ್ಟು ಸಲ ಮಾಡಿದ್ದೀರಿ ಸರ್? ಒಳಗೆ ಹೋದ ಮೇಲೆ ಕಷ್ಟ ಆದರೆ ಏನು ಮಾಡುತ್ತೀರಿ?" ಅಂತ ವಿನಯದಿಂದ ಕೇಳಿದರೆ ಯಾವ ಒಳ್ಳೆಯ ಸರ್ಜನ್ನೂ ಸಿಟ್ಟಾಗುವುದಿಲ್ಲ. ಕೊಯ್ಯುವುದು ನಿಮ್ಮ ಮೈಯನ್ನು.

ಎರಡನೇಸಲ:
ನಂದು ಉಲ್ಟಾ. ಎರಡೂ ಕಡೆ ಹರ್ನಿಯಾ ಇತ್ತು, ಮೊದಲ ಸಲವೇ ಕೀಹೋಲ್ ಮಾಡಿದ್ದರು. ಎಡಗಡೆ ಮತ್ತೆ ಬಂತು. ಮೆಶ್‌ನ ಕೆಳ ಅಂಚು ಮೇಲೆದ್ದು ಅದರಡಿಯಿಂದ ಹರ್ನಿಯಾ ಜಾರಿದೆ ಅಂದರು. ನಾನು ಮತ್ತೆ ಕೀಹೋಲೇ ಬೇಕು ಅಂತ ಹಟ ಹಿಡಿದಿದ್ದೆ. ಸರ್ಜನ್ ಕೂರಿಸಿಕೊಂಡು ಚಿತ್ರ ಬರೆದು ತೋರಿಸಿದರು. ಹಿಂದೆ ಈಗಾಗಲೇ ಅಂಟಿಕೊಂಡಿದೆ, ಮೆಶ್‌ಗೆ ಮೂತ್ರಕೋಶ, ದೊಡ್ಡ ರಕ್ತನಾಳ ಎಲ್ಲ ಹತ್ತಿರ, ಮುಂದಿನ ಪದರ ಮಾತ್ರ ಹೊಸದಾಗಿದೆ ಅಂದರು. ಒಪ್ಪಿದೆ. ಆ ಭಾಗಕ್ಕೆ ಮಾತ್ರ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಮುಂದಿನಿಂದ ಮಾಡಿದರು. ಮಧ್ಯೆ ಕೆಮ್ಮಿ ಅಂದರು, ಕೆಮ್ಮಿದೆ, ಗಟ್ಟಿಯಾಗಿ ನಿಂತಿದೆ ಅಂದರು. ಈಗ ಚೆನ್ನಾಗಿದ್ದೇನೆ.

ಹಾಗಾಗಿ ಹೆಸರು ನೋಡಿ ಆಪರೇಷನ್ ಆರಿಸಬೇಡಿ. ಮೊದಲು ಎಲ್ಲಿ ಕೈ ಹಾಕಿದ್ದರು ಅನ್ನೋದನ್ನು ನೋಡಿ.

ತಿಳಿನೀರು:
ಹೆಂಗಸರ ಬಗ್ಗೆ ಇಲ್ಲಿ ಯಾರೂ ಬರೆದಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನನಗೆ ಮುಂದಿನಿಂದ ಹರ್ನಿಯಾ ಆಪರೇಷನ್ ಆಗಿತ್ತು. ಆಮೇಲೆ ಉಬ್ಬು ಮತ್ತೆ ಬಂತು, ಆದರೆ ಸ್ವಲ್ಪ ಕೆಳಗೆ, ತೊಡೆ ಶುರುವಾಗುವಲ್ಲಿ. ಮೆಶ್ ಸೋತಿದೆ ಅಂತಲೇ ನಾನು ಅಂದುಕೊಂಡಿದ್ದೆ. ಕೀಹೋಲ್ ಮಾಡಿ ನೋಡಿದಾಗ ಅದು ಫೀಮೊರಲ್ ಹರ್ನಿಯಾ. ತೊಡೆಗೆ ಹೋಗುವ ರಕ್ತನಾಳದ ಪಕ್ಕದ ಸಣ್ಣ ಸಂದಿನಲ್ಲಿ ಬರುವಂಥದ್ದು. ಮೊದಲ ಸಲವೇ ಅದು ಇತ್ತೋ, ಆಮೇಲೆ ಬಂತೋ, ಹೇಳುವುದು ಕಷ್ಟ ಅಂದರು. ಹೆಂಗಸರಲ್ಲಿ ಇದು ಸಾಮಾನ್ಯ ಅಂತೆ. ಮುಂದಿನಿಂದ ನೋಡುವಾಗ ಕಣ್ತಪ್ಪಬಹುದು. ಹಿಂದಿನಿಂದ ನೋಡಿದರೆ ಎಲ್ಲ ರಂಧ್ರಗಳೂ ಒಟ್ಟಿಗೇ ಕಾಣುತ್ತವೆ.

ಹಸಿರುಗೌನ್:
ತಿಳಿನೀರು ಬರೆದದ್ದು ಬಹಳ ಮುಖ್ಯ. ಹೆಂಗಸರಿಗೆ ಮೊದಲ ಸಲವೇ ಕೀಹೋಲ್ ಮಾಡಬೇಕು ಅಂತ ಮಾರ್ಗಸೂಚಿ ಹೇಳುವುದು ಇದಕ್ಕೇ. ಫೀಮೊರಲ್ ಹರ್ನಿಯಾದ ಬಾಯಿ ಇಕ್ಕಟ್ಟು. ಕರುಳು ಒಳಗೆ ಸಿಕ್ಕಿಕೊಂಡು ಬಿಗಿಯುವ ಅಪಾಯ ಉಳಿದವುಗಳಿಗಿಂತ ಜಾಸ್ತಿ. ಹೆಂಗಸರಿಗೆ ತೊಡೆಸಂದಿನಲ್ಲಿ ಉಬ್ಬು ಮರಳಿದರೆ ಕಾದು ನೋಡೋಣ ಅಂತ ಕೂರಬೇಡಿ.

ಹಳೇ_ಸೈಕಲ್:
ನನ್ನ ಎರಡನೇ ಸರ್ಜನ್ ಟಿಎಪಿಪಿ ಅಂದರು. ಟಿಇಪಿ ಅಂತಲೂ ಒಂದಿದೆಯಂತೆ. ಎರಡರಲ್ಲಿ ಯಾವುದು ಒಳ್ಳೆಯದು?

ಹಸಿರುಗೌನ್:
ಎರಡರಲ್ಲೂ ಮೆಶ್ ಕೊನೆಗೆ ಕೂರುವ ಜಾಗ ಒಂದೇ. ಟಿಎಪಿಪಿಯಲ್ಲಿ ಹೊಟ್ಟೆಯೊಳಗೆ ಕಾರ್ಬನ್ ಡೈಆಕ್ಸೈಡ್ ತುಂಬಿ, ಒಳಗಿನಿಂದ ಕ್ಯಾಮೆರಾದಲ್ಲಿ ನೋಡುತ್ತಾ, ಒಳಪೊರೆಯನ್ನು ಸೀಳಿ ಕೆಳಕ್ಕೆ ಸರಿಸಿ, ಮೆಶ್ ಹಾಸಿ, ಪೊರೆಯನ್ನು ಮತ್ತೆ ಹೊಲಿಯುತ್ತೇವೆ. ಟಿಇಪಿಯಲ್ಲಿ ಹೊಟ್ಟೆಯೊಳಗೆ ಹೋಗುವುದೇ ಇಲ್ಲ. ಸ್ನಾಯು ಮತ್ತು ಪೊರೆಯ ನಡುವೆಯೇ ಜಾಗ ಮಾಡಿಕೊಂಡು ಕೆಲಸ ಮುಗಿಸುತ್ತೇವೆ. ಫಲಿತಾಂಶ ಹೆಚ್ಚುಕಮ್ಮಿ ಒಂದೇ. ಮರಳಿ ಬಂದ ಹರ್ನಿಯಾಗೆ ನನಗೆ ಟಿಎಪಿಪಿ ಇಷ್ಟ. ಒಳಗೆ ಹೋದ ಕೂಡಲೇ ಹರ್ನಿಯಾದ ಬಾಯಿ ಎಲ್ಲಿದೆ, ಏನು ಒಳಗೆ ಹೋಗಿದೆ, ಇನ್ನೊಂದು ಕಡೆ ಹೇಗಿದೆ, ಎಲ್ಲ ಕಾಣುತ್ತದೆ. ನಿಮ್ಮ ಸರ್ಜನ್‌ಗೆ ಟಿಇಪಿ ಕೈಗೆ ಕೂತಿದ್ದರೆ ಅದೇ ಸರಿ.

ಆ ಜಾಗದಲ್ಲಿ ತುಂಬಾ ಎಚ್ಚರ ಬೇಕಾದ ಎರಡು ತ್ರಿಕೋನಗಳಿವೆ. ವೀರ್ಯನಾಳ ಮತ್ತು ವೃಷಣದ ರಕ್ತನಾಳದ ನಡುವೆ ಒಂದು, ಅದರ ಕೆಳಗೇ ಕಾಲಿಗೆ ಹೋಗುವ ದೊಡ್ಡ ರಕ್ತನಾಳ. ಅದರ ಹೊರಪಕ್ಕದಲ್ಲಿ ಇನ್ನೊಂದು, ಅಲ್ಲಿ ತೊಡೆಯ ನರಗಳು. ಮೆಶ್ ಕೂರಿಸಲು ಬಳಸುವ ಸಣ್ಣ ಮೊಳೆಗಳನ್ನು, ಅಂದರೆ ಟ್ಯಾಕ್‌ಗಳನ್ನು, ಈ ಎರಡು ಕಡೆ ಹೊಡೆಯಲೇಬಾರದು. ಎಷ್ಟೋ ಜನಕ್ಕೆ ಮೊಳೆ ಬೇಕಾಗುವುದೂ ಇಲ್ಲ. ನಡುವಿನ ಮೂಳೆಯ ಪಕ್ಕದಲ್ಲಿ ಬಂದ ಹರ್ನಿಯಾದ ಬಾಯಿ ತುಂಬಾ ದೊಡ್ಡದಿದ್ದರೆ ಬೇಕಾಗುತ್ತದೆ.

ವಾರ್ಡ್_ಸಿಸ್ಟರ್:
ಆಪರೇಷನ್ ಆದ ಮೇಲಿನ ಮಾತು ನಾನು ಹೇಳುತ್ತೇನೆ. ಫೋನ್ ಮಾಡಿ ಗಾಬರಿಯಾಗುವವರೆಲ್ಲ ಕೇಳುವುದು ಒಂದೇ: "ಸಿಸ್ಟರ್, ಉಬ್ಬು ಮತ್ತೆ ಬಂದುಬಿಟ್ಟಿದೆ!" ಒಂದು ಸಲ ಆಪರೇಷನ್ ಸೋತು ನೊಂದವರಿಗೆ ಆ ಭಯ ಎಷ್ಟಿರುತ್ತದೆ ಅಂತ ನನಗೆ ಗೊತ್ತು. ಬಹಳ ಸಲ ಅದು ಹರ್ನಿಯಾ ಅಲ್ಲ, ಸೀರೋಮ. ಹರ್ನಿಯಾ ಇದ್ದ ಖಾಲಿ ಜಾಗದಲ್ಲಿ ನೀರು ತುಂಬಿಕೊಂಡಿರುತ್ತದೆ. ಮುಟ್ಟಿದರೆ ಮೆತ್ತಗಿರುತ್ತದೆ, ಆದರೆ ಮಲಗಿದರೂ ಒಳಗೆ ಹೋಗುವುದಿಲ್ಲ, ಕೆಮ್ಮಿದರೆ ಬೆರಳಿಗೆ ತಟ್ಟುವುದಿಲ್ಲ. ಕೆಲವು ವಾರಗಳಲ್ಲಿ ತಾನಾಗೇ ಇಂಗುತ್ತದೆ. ಸೂಜಿ ಹಾಕಿ ತೆಗೆಸಿ ಅಂತ ಒತ್ತಾಯ ಮಾಡಬೇಡಿ, ಸುಮ್ನೆ ಸೋಂಕಿಗೆ ದಾರಿ.

ಅಂಡದ ಚೀಲ, ಶಿಶ್ನ ನೀಲಿಗಟ್ಟಬಹುದು. ನೋಡಲು ಭಯ ಆಗುತ್ತದೆ, ಆದರೆ ಇಳಿಯುತ್ತದೆ. ಭುಜದ ತುದಿ ನೋಯಬಹುದು, ಅದು ಕೀಹೋಲ್‌ನಲ್ಲಿ ತುಂಬಿದ ಗ್ಯಾಸಿನಿಂದ. ಮೊದಲ ದಿನ ಕೆಲವರಿಗೆ ಮೂತ್ರ ಕಟ್ಟುತ್ತದೆ, ವಯಸ್ಸಾದ ಗಂಡಸರಿಗೆ ಜಾಸ್ತಿ. ಮೂತ್ರ ಮಾಡದೆ ಮನೆಗೆ ಹೋಗಬೇಡಿ. ಅದೇ ದಿನ ಎದ್ದು ನಡೆಯಿರಿ. ಮಲಬದ್ಧತೆ ಆಗದಂತೆ ನೋಡಿಕೊಳ್ಳಿ. ಭಾರ ಎತ್ತುವುದು ಯಾವಾಗ ಅನ್ನೋದನ್ನು ನಿಮ್ಮ ಸರ್ಜನ್‌ರನ್ನೇ ಕೇಳಿ.

ಇನ್ನು ಇದು ಆಪರೇಷನ್‌ಗೆ ಕಾಯುತ್ತಿರುವವರಿಗೆ. ಉಬ್ಬು ಗಟ್ಟಿಯಾಗಿ ಒಳಗೆ ಹೋಗದೆ ನಿಂತು, ನೋವು ಏರುತ್ತಾ ಹೋದರೆ, ವಾಂತಿ ಆದರೆ, ಗಾಳಿ ಮಲ ಹೋಗದಿದ್ದರೆ, ಮೇಲಿನ ಚರ್ಮ ಕೆಂಪಾದರೆ ಬೆಳಗಾಗಲಿ ಅಂತ ಕಾಯಬೇಡಿ. ತಕ್ಷಣ ತುರ್ತು ವಿಭಾಗಕ್ಕೆ ಹೋಗಿ. ತಿಕ್ಕಿ ಒತ್ತಿ ಒಳಗೆ ತಳ್ಳಲೂ ಹೋಗಬೇಡಿ.

ನೇರಮಾತು:
ನಾನು ಈ ಚರ್ಚೆಗೆ ಬಂದ ನಿಜವಾದ ಕಾರಣ ನಮ್ಮ ಅಪ್ಪ. ವಯಸ್ಸಾಗಿದೆ. ಹೃದಯದ ತೊಂದರೆ ಇದೆ, ರಕ್ತ ತೆಳುವಾಗುವ ಮಾತ್ರೆ ತಗೊಳ್ಳುತ್ತಾರೆ. ಪ್ರಾಸ್ಟೇಟ್ ಕ್ಯಾನ್ಸರ್ ಆಗಿ ಇಡೀ ಗ್ರಂಥಿ ತೆಗೆಸಿದ್ದಾರೆ. ಮುಂದಿನಿಂದ ಮಾಡಿದ ಹರ್ನಿಯಾ ಮರಳಿದೆ. ಅವರಿಗೂ ಕೀಹೋಲಾ?

ಹಸಿರುಗೌನ್:
ನಿಮ್ಮ ಅಪ್ಪನ ವಿಷಯದಲ್ಲಿ ನಿಯಮ ಅಷ್ಟು ಸುಲಭವಾಗಿ ಕೂರುವುದಿಲ್ಲ. ಮುಂದೆ ಹರ್ನಿಯಾ ಆಪರೇಷನ್ ಆಗಿದೆ. ಪ್ರಾಸ್ಟೇಟ್ ತೆಗೆದಾಗ ಹಿಂದಿನ ಪದರವನ್ನೂ ಬಿಡಿಸಿರುತ್ತಾರೆ, ಮೂತ್ರಕೋಶ ಅಲ್ಲೇ ಅಂಟಿರಬಹುದು. ಅಂದರೆ ಎರಡೂ ದಾರಿ ಬಳಸಿದ್ದಾಗಿದೆ. ಮೇಲಿಂದ ಕೀಹೋಲ್‌ಗೆ ಸಾಮಾನ್ಯವಾಗಿ ಪೂರ್ತಿ ಅರಿವಳಿಕೆ ಬೇಕು, ಹೃದಯದ ವೈದ್ಯರು ಅದಕ್ಕೆ ಒಪ್ಪಬೇಕು. ಇಂಥವರಿಗೆ ಜಾಗಕ್ಕೆ ಮಾತ್ರ ಇಂಜೆಕ್ಷನ್ ಕೊಟ್ಟು ಮುಂದಿನಿಂದಲೇ ಮತ್ತೆ ಮಾಡುವುದು ಎಷ್ಟೋ ಸಲ ಕಡಿಮೆ ಅಪಾಯದ ದಾರಿ.

ಅದಕ್ಕಿಂತ ಮೊದಲು ಅವರಿಗೆ ಎಷ್ಟು ತೊಂದರೆ ಆಗುತ್ತಿದೆ ಅಂತ ಕೇಳಿ. ಉಬ್ಬು ಸಲೀಸಾಗಿ ಒಳಗೆ ಹೋಗುತ್ತಿದ್ದರೆ, ನೋವಿಲ್ಲದಿದ್ದರೆ, ಗಂಡಸರಲ್ಲಿ ನಿಗಾ ಇಟ್ಟು ಕಾಯುವುದೂ ಒಪ್ಪಬಹುದಾದ ದಾರಿಯೇ. ತೊಂದರೆ ಕೊಡದ ಹರ್ನಿಯಾ ಇದ್ದ ಗಂಡಸರನ್ನು ಹಾಗೇ ಬಿಟ್ಟು ನೋಡಿದ 2006ರ ಅಮೆರಿಕದ ಅಧ್ಯಯನದಲ್ಲಿ ತುರ್ತು ತೊಡಕು ಬಂದದ್ದು ವರ್ಷಕ್ಕೆ ಸಾವಿರಕ್ಕೆ ಎರಡಕ್ಕಿಂತ ಕಡಿಮೆ. ಮೆಶ್ ಹಾಕಿದ ಮೇಲೆ ಮರಳಿದವರಿಗೆ ಆ ಲೆಕ್ಕವನ್ನು ಹಾಗೇ ಹಚ್ಚಲಾಗದು, ಆದರೂ ಅವಸರ ಪಡಬೇಕಿಲ್ಲ ಅನ್ನೋಕೆ ಸಾಕು. ರಕ್ತ ತೆಳುವಾಗುವ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಯಾವಾಗ ನಿಲ್ಲಿಸಬೇಕು, ನಿಲ್ಲಿಸಬೇಕೋ ಬೇಡವೋ, ಹೃದಯದ ವೈದ್ಯರು ಮತ್ತು ಸರ್ಜನ್ ಮಾತಾಡಿಕೊಂಡು ಹೇಳುತ್ತಾರೆ.

ಹಳೇ_ಸೈಕಲ್:
ನನ್ನ ಹತ್ತಿರ ಡಿಸ್ಚಾರ್ಜ್ ಕಾಗದ ಇದೆ. ಅದರಲ್ಲಿ "ಮೆಶ್ ಹಾಕಲಾಗಿದೆ" ಅಂತ ಮಾತ್ರ ಇದೆ. ಸಾಕಾ?

ಹಸಿರುಗೌನ್:
ಸಾಲದು. ಆಪರೇಷನ್ ನೋಟ್ ಅಂತ ಬೇರೆ ಇರುತ್ತದೆ, ಥಿಯೇಟರ್‌ನಲ್ಲಿ ಸರ್ಜನ್ ಬರೆದದ್ದು. ಆಸ್ಪತ್ರೆಯ ರೆಕಾರ್ಡ್ ವಿಭಾಗದಲ್ಲಿ ಅರ್ಜಿ ಕೊಟ್ಟು ಅದರ ಪ್ರತಿ ಕೇಳಿ. ಮೊದಲ ಸಲ ಹರ್ನಿಯಾ ಡೈರೆಕ್ಟ್ (ಗೋಡೆಯ ಸಡಿಲ ಭಾಗದಿಂದ ನೇರ ಬಂದದ್ದು) ಇತ್ತಾ ಇಂಡೈರೆಕ್ಟ್ (ವೀರ್ಯನಾಳ ಹೋಗುವ ದಾರಿಯಲ್ಲಿ ಇಳಿದದ್ದು) ಇತ್ತಾ, ಮೆಶ್ ಯಾವ ಪದರದಲ್ಲಿ ಇಟ್ಟರು, ಎಷ್ಟು ದೊಡ್ಡದು, ಪ್ಲಗ್ ಹಾಕಿದ್ದರಾ, ಯಾವುದಾದರೂ ನರ ಕತ್ತರಿಸಿದ್ದರಾ, ಇದೆಲ್ಲ ಅದರಲ್ಲಿ ಸಿಗಬಹುದು. ಮೆಶ್ ಡಬ್ಬಿಯ ಸ್ಟಿಕ್ಕರ್ ಅಂಟಿಸಿದ್ದರೆ ಅದರ ಫೋಟೋ ತೆಗೆದಿಟ್ಟುಕೊಳ್ಳಿ. ನೋಟ್ ಸಿಗದಿದ್ದರೆ ಸ್ಕ್ಯಾನ್ ಮತ್ತು ಗಾಯದ ಗುರುತು ನೋಡಿ ಸರ್ಜನ್ ಅಂದಾಜು ಮಾಡುತ್ತಾರೆ, ಆದರೆ ಬರೆದಿಟ್ಟದ್ದಕ್ಕೆ ಅದು ಸಮ ಅಲ್ಲ.

ಮತ್ತೆ, ನೀವು ಸಿಗರೇಟು ಸೇದುತ್ತಿದ್ದರೆ ಇವತ್ತೇ ನಿಲ್ಲಿಸಿ. ಹರ್ನಿಯಾ ಮರಳಲು ಅದೂ ಒಂದು ಕಾರಣ. ಬಿಡದ ಕೆಮ್ಮಿದ್ದರೆ ಮೊದಲು ಅದಕ್ಕೆ ಔಷಧಿ ಮಾಡಿಸಿ.

ಬೆಳಗಿನಜಾವ:
ಚರ್ಚೆ ಓದುತ್ತಿದ್ದೆ. ನನಗೂ ಮುಂದಿನಿಂದ ಮೆಶ್ ಹಾಕಿದ್ದಾರೆ. ಉಬ್ಬು ಅಂತ ಕಾಣಿಸುವುದಿಲ್ಲ. ಆದರೆ ಅಂದಿನಿಂದ ತೊಡೆಸಂದಿನಲ್ಲಿ ಸೂಜಿ ಚುಚ್ಚಿದ ಹಾಗೆ ನೋವು, ಕೂತು ಎದ್ದರೆ ಹೆಚ್ಚು. ಒಬ್ಬರು ಹರ್ನಿಯಾ ಮರಳಿರಬಹುದು, ಕೀಹೋಲ್ ಮಾಡಿ ನೋಡೋಣ ಅಂದಿದ್ದಾರೆ. ಮಾಡಿಸಲಾ?

ಹಸಿರುಗೌನ್:
ಸ್ವಲ್ಪ ತಡೆಯಿರಿ. ಹರ್ನಿಯಾ ಮರಳುವುದು ಬೇರೆ, ಆಪರೇಷನ್ ನಂತರ ನೋವು ಉಳಿಯುವುದು ಬೇರೆ. ಈ ಎರಡನೆಯದು ಅಪರೂಪವಲ್ಲ. ಶೇ. 10ರಿಂದ 12 ಜನಕ್ಕೆ ಒಂದಲ್ಲ ಒಂದು ಮಟ್ಟದ ನೋವು ಉಳಿಯುತ್ತದೆ ಅಂತ ಮಾರ್ಗಸೂಚಿಯೇ ಹೇಳುತ್ತದೆ. ಉಬ್ಬಿಲ್ಲದ ನೋವಿಗೆ ಹಿಂದಿನಿಂದ ಇನ್ನೊಂದು ಮೆಶ್ ಹಾಕಿದರೆ ಮುಂದೆ ಸಿಕ್ಕಿಕೊಂಡ ನರ ಬಿಡುಗಡೆ ಆಗುವುದಿಲ್ಲ.

ಮೊದಲು ನಿಮ್ಮನ್ನು ಎದ್ದು ನಿಂತುಕೊಳ್ಳಲು ಹೇಳಿ, ಉಸಿರು ಬಿಗಿಹಿಡಿಸಿ ಅಲ್ಟ್ರಾಸೌಂಡ್ ಮಾಡಿಸಲಿ. ಅದರಲ್ಲಿ ಸ್ಪಷ್ಟವಾಗದಿದ್ದರೆ ಎಂಆರ್‌ಐ. ಹರ್ನಿಯಾ ಇಲ್ಲ ಅಂತಾದರೆ, ನೋಯುವ ಜಾಗವನ್ನು ಬೆರಳಿನಿಂದ ಗುರುತಿಸಿ ಆ ನರಕ್ಕೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ನೋಡುತ್ತಾರೆ. ನೋವು ಆ ಹೊತ್ತಿಗೆ ಪೂರ್ತಿ ಮಾಯವಾದರೆ ತೊಂದರೆ ನರದ್ದು ಅನ್ನುವ ಸುಳಿವು ಸಿಕ್ಕಿತು. ಅದಕ್ಕೆ ಮಾತ್ರೆ, ಇಂಜೆಕ್ಷನ್, ನೋವು ನಿವಾರಣೆಯ ಪರಿಣತರು ಇದ್ದಾರೆ. ಯಾವುದಕ್ಕೂ ಬಗ್ಗದಿದ್ದರೆ ನರ ಕತ್ತರಿಸುವ ಆಪರೇಷನ್ ಇದೆ, ಅದು ಬೇರೆಯೇ ಕೆಲಸ. ಎಲ್ಲಿ ನೋಯುತ್ತದೆ, ಯಾವ ಭಂಗಿಯಲ್ಲಿ ಜಾಸ್ತಿ, ಚರ್ಮ ಮರಗಟ್ಟಿದೆಯಾ, ಇಷ್ಟನ್ನು ಬರೆದುಕೊಂಡು ಹೋಗಿ ತೋರಿಸಿ.